ಗಡಿಯಾರ ಯಾರ ಕೈಯಲ್ಲಿರಬೇಕು?

ಕಳೆದ ತಿಂಗಳು ನಮ್ಮ ಕಚೇರಿಗೆ ನೂಲಿನ ಗಿರಣಿಯ ಹಿರಿಯ ಕಾರ್ಮಿಕರೊಬ್ಬರು ಬಂದಿದ್ದರು. ರಾತ್ರಿ ಪಾಳಿ ಮುಗಿಸಿ ನೇರವಾಗಿ ಬಂದವರು. ತಲೆಯ ಮೇಲೆ ಇನ್ನೂ ಹತ್ತಿಯ ಧೂಳು ಕೂತಿತ್ತು. ಅವರ ಮಗ ನಾಲ್ಕು ವರ್ಷಗಳಿಂದ ಬೆಂಗಳೂರಿನ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ ಕೆಲಸಕ್ಕಿದ್ದಾನೆ. “ಮೇಷ್ಟ್ರೇ, ಇನ್ನು ಮೇಲೆ ಐದು ಜನ ಮಾಡೋ ಕೆಲಸ ಮೂರೇ ಜನ ಮಾಡಬೇಕಂತೆ. ಕೋಡು ಬರೆಯೋ ಮಿಷನ್ನು ಬಂದಿದೆಯಂತೆ, ಅದರಿಂದ ಕೆಲಸ ಹಗುರಾಗಿದೆ ಅಂತ ಕಂಪನಿಯವರು ಕಾಗದ ಕೊಟ್ಟಿದಾರೆ. ಹುಡುಗನ್ನ ಕೇಳಿದರೆ, ಹಗುರ ಎಲ್ಲಿ ಬಂತಪ್ಪಾ, ಮೊದಲಿಗಿಂತ ತಡವಾಗಿ ರೂಮಿಗೆ ಹೋಗ್ತಿದೀನಿ ಅಂತಾನೆ. ಇದರಲ್ಲಿ ಯಾವುದು ನಿಜ?” ಎಂದು ಕೇಳಿದರು.

ಆ ಹೊತ್ತಿಗೆ ನಮ್ಮಲ್ಲಿ ಉತ್ತರವಿರಲಿಲ್ಲ. ಮೆಟ್ರಿಕ್ಕಿನ ತನಕ ಓದಿ, ಕೆಲವು ವರ್ಷ ಮಕ್ಕಳಿಗೆ ಲೆಕ್ಕ ಹೇಳಿಕೊಟ್ಟು, ಆಮೇಲೆ ಸಂಘಟನೆಯ ಕೆಲಸಕ್ಕೆ ಬಂದವರು ನಾವು. ಗೊತ್ತಿಲ್ಲದ್ದನ್ನು ಗೊತ್ತಿದೆಯೆಂದು ಹೇಳಿ ಸಾಗಹಾಕುವುದು ಸರಿಯಲ್ಲವೆಂದು ತೋರಿ, ವಿಚಾರಿಸಿ ಪತ್ರಿಕೆಯಲ್ಲಿಯೇ ಬರೆಯುತ್ತೇವೆಂದು ಮಾತು ಕೊಟ್ಟೆವು. ಈ ವಾರ ಆ ಮಾತಿನ ಸಾಲವನ್ನು ತೀರಿಸುತ್ತಿದ್ದೇವೆ. ನಮ್ಮ ಊರಿನ ಎಷ್ಟೋ ಕಾರ್ಮಿಕರ, ಕಿರಾಣಿ ಅಂಗಡಿಯವರ, ಜವಳಿ ವ್ಯಾಪಾರಿಗಳ ಮಕ್ಕಳು ಇಂದು ಅದೇ ಕಸುಬಿನಲ್ಲಿದ್ದಾರೆ. ತಾಯಿಯ ಒಡವೆ ಅಡವಿಟ್ಟು, ಬ್ಯಾಂಕಿನಿಂದ ವಿದ್ಯಾಸಾಲ ತಂದು ಇಂಜಿನಿಯರಿಂಗ್ ಓದಿಸಿದ ಮನೆಗಳು ನಮ್ಮ ಬೀದಿಗಳಲ್ಲಿ ಕಡಿಮೆಯಿಲ್ಲ. ಆದುದರಿಂದ ಇದು ಬೆಂಗಳೂರಿನ ಗಾಜಿನ ಕಟ್ಟಡಗಳ ಮಾತು, ನಮಗೇಕೆ ಎಂದು ಯಾರೂ ಪುಟ ಮಗುಚಬಾರದು.

ಮೊದಲು ಆ ಕಸುಬು ಏನೆಂಬುದನ್ನು ನೋಡೋಣ. ಕಂಪ್ಯೂಟರ್ ತಾನಾಗಿ ಏನನ್ನೂ ಮಾಡಲಾರದು. ಹೀಗೆ ಮಾಡು, ಹೀಗಾದರೆ ಹಾಗೆ ಮಾಡು ಎಂದು ಹೆಜ್ಜೆ ಹೆಜ್ಜೆಗೂ ಅದಕ್ಕೆ ಆಜ್ಞೆ ಬರೆದುಕೊಡಬೇಕು. ಆ ಆಜ್ಞೆಗಳ ಸಾಲಿಗೆ ಕೋಡ್ ಎಂದು ಹೆಸರು. ಬ್ಯಾಂಕಿನ ನಮ್ಮ ಖಾತೆ, ರೈಲಿನ ಟಿಕೆಟ್ಟು, ಅಂಗಡಿಯ ಗಲ್ಲಾದ ಮೇಲೆ ಅಂಟಿಸಿರುವ ಕ್ಯೂಆರ್ ಚೀಟಿಗೆ ಬಂದು ಬೀಳುವ ಹಣ, ಇವೆಲ್ಲದರ ಹಿಂದೆಯೂ ಯಾರೋ ಕೂತು ಬರೆದ ಲಕ್ಷಾಂತರ ಸಾಲುಗಳಿವೆ. ನೇಯ್ಗೆಯವರಿಗೆ ಇದು ಅಪರಿಚಿತವಾದ ವಿದ್ಯೆಯೇನೂ ಅಲ್ಲ. ತೂತು ಹಾಕಿದ ಕಾರ್ಡುಗಳನ್ನು ಪೋಣಿಸಿ, ಯಾವ ಎಳೆ ಏಳಬೇಕು, ಯಾವುದು ಇಳಿಯಬೇಕೆಂದು ಮಗ್ಗಕ್ಕೆ ತಿಳಿಸುವ ಜಕಾರ್ಡ್ ವಿಧಾನವು ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಫ್ರಾನ್ಸಿನಲ್ಲಿ ಬಂದಿತಷ್ಟೆ. ಅದೇ ಕಾರ್ಡಿನ ಉಪಾಯವನ್ನು ಮುಂದೆ ಲೆಕ್ಕದ ಯಂತ್ರ ಕಟ್ಟಲು ಹೊರಟವರು ಎತ್ತಿಕೊಂಡರು. ಮಗ್ಗವೇ ಕಂಪ್ಯೂಟರಿನ ಹಿರಿಯಣ್ಣ ಎಂದರೆ ತಪ್ಪಾಗಲಾರದು.

ಈಗ ಆ ಆಜ್ಞೆಗಳನ್ನೇ ಬರೆದುಕೊಡುವ ಯಂತ್ರ ಬಂದಿದೆ. ಅಮೆರಿಕದ ಗಿಟ್‌ಹಬ್ ಕಂಪನಿ ಕೋಪೈಲಟ್ ಎಂಬುದನ್ನು ೨೦೨೧ರಲ್ಲಿ ಪ್ರಯೋಗಾರ್ಥವಾಗಿ ಹೊರಗೆ ಬಿಟ್ಟು, ೨೦೨೨ರ ಜೂನ್‌ನಲ್ಲಿ ಮಾರಾಟಕ್ಕೆ ತಂದಿತು. ಅದೇ ವರ್ಷದ ನವೆಂಬರಿನಲ್ಲಿ ಚಾಟ್‌ಜಿಪಿಟಿ ಬಂದ ಮೇಲಂತೂ ಕರ್ಸರ್, ಕ್ಲಾಡ್ ಮುಂತಾಗಿ ಸಾಲುಸಾಲಾಗಿ ಬಂದವು. ಜಗತ್ತಿನಲ್ಲಿ ಜನ ಬರೆದಿಟ್ಟ ಅಪಾರ ಕೋಡನ್ನೂ ಬರೆಹವನ್ನೂ ಇವಕ್ಕೆ ಓದಿಸಿರುತ್ತಾರೆ. ಇಷ್ಟು ಬರೆದಿದ್ದರೆ ಮುಂದೆ ಏನು ಬರಬಹುದು ಎಂದು ಅವು ಊಹಿಸಿ ಬರೆಯುತ್ತವೆ. ಮಂಡಿಯ ಹಳೆಯ ಗುಮಾಸ್ತನು ಧಣಿ ಹೇಳಿದ ಮೊದಲ ಸಾಲು ಕೇಳುತ್ತಲೇ ಉಳಿದ ಪತ್ರವನ್ನು ತಾನೇ ಬರೆದು ಮುಗಿಸುವುದಿಲ್ಲವೆ, ಹಾಗೆ. ಗುಮಾಸ್ತ ಬಹುಮಟ್ಟಿಗೆ ಸರಿಯಾಗಿಯೇ ಬರೆದಿರುತ್ತಾನೆ. ಆದರೆ ಸಹಿ ಹಾಕುವ ಮೊದಲು ಧಣಿ ಓದಲೇಬೇಕು.

ದೊಡ್ಡ ಕಂಪನಿಗಳ ಮುಖ್ಯಸ್ಥರ ಮಾತು ಪತ್ರಿಕೆಗಳಲ್ಲಿ ದಪ್ಪಕ್ಷರದಲ್ಲಿ ಬರುತ್ತದೆ. ತಮ್ಮಲ್ಲಿ ಹೊಸ ಕೋಡಿನ ಕಾಲು ಭಾಗಕ್ಕೂ ಹೆಚ್ಚನ್ನು ಯಂತ್ರವೇ ಬರೆಯುತ್ತಿದೆ ಎಂದು ಗೂಗಲ್‌ನ ಸುಂದರ್ ಪಿಚೈ ೨೦೨೪ರ ಅಕ್ಟೋಬರಿನಲ್ಲಿ ಹೇಳಿದರು. ನಮ್ಮ ಮಣಿಪಾಲದಲ್ಲಿ ಓದಿ ಹೋದ ಮೈಕ್ರೋಸಾಫ್ಟ್‌ನ ಸತ್ಯ ನಾದೆಲ್ಲ ೨೦೨೫ರ ಏಪ್ರಿಲ್‌ನಲ್ಲಿ ಶೇಕಡ ೨೦ರಿಂದ ೩೦ ಎಂದರು. ಇರಬಹುದು. ಆದರೆ ಇದು ಯಂತ್ರ ಎಷ್ಟು ಸಾಲು ಬರೆಯಿತೆಂಬ ಲೆಕ್ಕವೇ ಹೊರತು ಆಳಿನ ಕೆಲಸ ಎಷ್ಟು ಹಗುರಾಯಿತೆಂಬ ಲೆಕ್ಕವಲ್ಲ. ಮಗ್ಗದಿಂದ ಎಷ್ಟು ಗಜ ಇಳಿಯಿತು ಎಂಬುದು ಒಂದು. ಅದರಲ್ಲಿ ಮಡಿಕೆ ಹಾಕಿ ಮಾರಬಹುದಾದ್ದು ಎಷ್ಟು ಎಂಬುದು ಇನ್ನೊಂದು. ಈ ವ್ಯತ್ಯಾಸವನ್ನು ಗಿರಣಿಯವರಿಗೆ ನಾವು ಹೇಳಿಕೊಡಬೇಕಾಗಿಲ್ಲ.

ಹಾಗೆಂದು ಯಂತ್ರದಿಂದ ಉಪಯೋಗವೇ ಇಲ್ಲವೆಂದು ಹೇಳಿದರೆ ಅದು ಸುಳ್ಳಾಗುತ್ತದೆ. ೨೦೨೩ರಲ್ಲಿ ಪ್ರಕಟವಾದ ಒಂದು ಪರೀಕ್ಷೆಯಲ್ಲಿ ೯೫ ಮಂದಿ ಕೋಡ್ ಬರೆಯುವವರನ್ನು ಎರಡು ಗುಂಪು ಮಾಡಿ ಒಂದೇ ಕೆಲಸ ಕೊಟ್ಟರು. ಕೋಪೈಲಟ್ ಇದ್ದ ಗುಂಪು ಸರಾಸರಿ ೭೧ ನಿಮಿಷದಲ್ಲಿ ಮುಗಿಸಿತು. ಇಲ್ಲದ ಗುಂಪಿಗೆ ೧೬೧ ನಿಮಿಷ ಹಿಡಿಯಿತು. ಅರ್ಧಕ್ಕಿಂತ ಹೆಚ್ಚು ಸಮಯ ಉಳಿದಂತಾಯಿತು. ಪರೀಕ್ಷೆ ನಡೆಸಿದವರಲ್ಲಿ ಹಲವರು ಆ ಯಂತ್ರವನ್ನು ಮಾರುವ ಕಂಪನಿಗೇ ಸೇರಿದವರು. ತಕ್ಕಡಿಯೂ ಅಂಗಡಿಯವನದೇ, ತೂಕದ ಕಲ್ಲೂ ಅಂಗಡಿಯವನದೇ ಎಂದು ನಮಗೆ ಒಂದು ಗಳಿಗೆ ಅನಿಸಿತು. (ನಮ್ಮ ವ್ಯಾಪಾರಿ ಬಂಧುಗಳು ಕ್ಷಮಿಸಬೇಕು, ನಿಮ್ಮ ತಕ್ಕಡಿಗೆ ಕಾಲಕಾಲಕ್ಕೆ ಸರ್ಕಾರದ ಮುದ್ರೆ ಬೀಳುತ್ತದೆ, ಈ ತಕ್ಕಡಿಗೆ ಅದೂ ಇಲ್ಲ.) ಆದರೆ ಅಷ್ಟಕ್ಕೇ ಅದನ್ನು ತಳ್ಳಿಹಾಕುವುದು ನ್ಯಾಯವಲ್ಲ. ಆಮೇಲೆ ಮೈಕ್ರೋಸಾಫ್ಟ್, ಆಕ್ಸೆಂಚರ್ ಮತ್ತು ಹೆಸರು ಹೇಳದ ಇನ್ನೊಂದು ದೊಡ್ಡ ಕಂಪನಿಯಲ್ಲಿ ೪,೮೬೭ ಮಂದಿಯ ನಿತ್ಯದ ಕೆಲಸವನ್ನೇ ಅಳೆದು ನೋಡಿದಾಗ, ಯಂತ್ರ ಪಡೆದವರು ಮುಗಿಸಿದ ಕೆಲಸಗಳ ಸಂಖ್ಯೆ ಶೇಕಡ ೨೬ರಷ್ಟು ಹೆಚ್ಚಿತ್ತು. ಹೊಸದಾಗಿ ಸೇರಿದವರಿಗೆ ಹೆಚ್ಚು ಅನುಕೂಲ, ಪಳಗಿದವರಿಗೆ ಕಡಿಮೆ ಎಂಬುದು ಅಲ್ಲಿ ಕಂಡ ಇನ್ನೊಂದು ಸಂಗತಿ.

ಈಗ ನಮ್ಮನ್ನು ನಿಜವಾಗಿ ತಡೆದು ನಿಲ್ಲಿಸಿದ ಪರೀಕ್ಷೆಯ ವಿಷಯಕ್ಕೆ ಬರುತ್ತೇವೆ. ಅಮೆರಿಕದ ಬರ್ಕ್‌ಲಿ ನಗರದಲ್ಲಿ ಮೀಟರ್ ಎಂಬ ಸಂಶೋಧನಾ ಸಂಸ್ಥೆಯಿದೆ. ಅವರು ೨೦೨೫ರ ಮೊದಲರ್ಧದಲ್ಲಿ ೧೬ ಮಂದಿ ಅನುಭವಿಗಳನ್ನು ಆರಿಸಿಕೊಂಡರು. ಪ್ರತಿಯೊಬ್ಬರೂ ತಾವು ಸರಾಸರಿ ಐದು ವರ್ಷ ದುಡಿದಿದ್ದ, ತಮಗೆ ಮೂಲೆ ಮೂಲೆಯೂ ಗೊತ್ತಿದ್ದ ಕೋಡಿನಲ್ಲಿಯೇ ಕೆಲಸ ಮಾಡಬೇಕು. ಆ ಕೋಡೋ, ಒಂದೊಂದೂ ಸರಾಸರಿ ಹತ್ತು ಲಕ್ಷ ಸಾಲಿಗೆ ಮೀರಿದ್ದು. ನಿಜವಾಗಿ ಆಗಬೇಕಾಗಿದ್ದ ೨೪೬ ಕೆಲಸಗಳನ್ನು ಪಟ್ಟಿ ಮಾಡಿ, ನಾಣ್ಯ ಚಿಮ್ಮಿದ ಹಾಗೆ, ಈ ಕೆಲಸಕ್ಕೆ ಯಂತ್ರ ಬಳಸಬಹುದು, ಆ ಕೆಲಸಕ್ಕೆ ಬಳಸಕೂಡದು ಎಂದು ವಿಂಗಡಿಸಿದರು. ಬಳಸಲು ಕೊಟ್ಟದ್ದು ಹೆಚ್ಚಾಗಿ ಕರ್ಸರ್ ಎಂಬ ಉಪಕರಣ. ಅದರೊಳಗೆ ಕ್ಲಾಡ್ ೩.೫ ಮತ್ತು ೩.೭ ಸಾನೆಟ್ ಎಂಬ, ಆ ಕಾಲಕ್ಕೆ ಮುಂಚೂಣಿಯಲ್ಲಿದ್ದ ಯಂತ್ರಬುದ್ಧಿ. ಗಂಟೆಗೆ ೧೫೦ ಡಾಲರ್ ಸಂಬಳವನ್ನೂ ಕೊಟ್ಟರು.

ಕೆಲಸಕ್ಕೆ ಮುಂಚೆ ಅವರನ್ನು ಕೇಳಿದರು: ಯಂತ್ರವಿದ್ದರೆ ಎಷ್ಟು ಸಮಯ ಉಳಿದೀತು? ಶೇಕಡ ೨೪ ಉಳಿಯುತ್ತದೆ ಎಂದರು. ಅರ್ಥಶಾಸ್ತ್ರದ ಪಂಡಿತರನ್ನು ಕೇಳಿದರೆ ಅವರು ಶೇಕಡ ೩೯ರ ತನಕ ಹೋದರು. ಎಲ್ಲ ಮುಗಿದ ಮೇಲೆ, ಎಷ್ಟು ಉಳಿಯಿತು ಎಂದು ಕೆಲಸ ಮಾಡಿದವರನ್ನೇ ಮತ್ತೆ ಕೇಳಿದರು. ಶೇಕಡ ೨೦ ಉಳಿಯಿತು ಎಂದರು. ಲೆಕ್ಕ ತೆಗೆದು ನೋಡಿದರೆ, ಯಂತ್ರ ಬಳಸಿದ ಕೆಲಸಗಳಿಗೆ ಶೇಕಡ ೧೯ರಷ್ಟು ಹೆಚ್ಚು ಸಮಯ ಹಿಡಿದಿತ್ತು!

ಓದುಗರು ಇಲ್ಲಿ ಸ್ವಲ್ಪ ನಿಲ್ಲಬೇಕು. ಈ ಹದಿನಾರು ಮಂದಿ ಸುಳ್ಳುಗಾರರಲ್ಲ, ದಡ್ಡರೂ ಅಲ್ಲ. ತಮ್ಮ ಕಸುಬಿನಲ್ಲಿ ನುರಿತವರು. ತಾವು ಬೇಗ ಮುಗಿಸಿದೆವೆಂದೇ ಪ್ರಾಮಾಣಿಕವಾಗಿ ನಂಬಿದ್ದರು. ಮನಸ್ಸು ಒಂದು ಹೇಳಿತು, ಗಡಿಯಾರ ಇನ್ನೊಂದು ಹೇಳಿತು. ಮೈಮುರಿದು ಬರೆಯುವ ಕೆಲಸ ಕಡಿಮೆಯಾದಾಗ, ಕೂತು ನೋಡುವ ಹೊತ್ತು ಲೆಕ್ಕಕ್ಕೇ ಬರುವುದಿಲ್ಲವೆಂದು ತೋರುತ್ತದೆ. ಎತ್ತಿನ ಗಾಡಿಯಲ್ಲಿ ಕೂತು ಸಂತೆಗೆ ಹೋಗುವವನಿಗೆ ನಡೆದು ಹೋಗುವವನಿಗಿಂತ ತಾನೇ ಮುಂದಿದ್ದೇನೆಂದು ಅನಿಸುವುದು ಸಹಜ; ಎತ್ತು ನಿಂತಾಗಲೂ ಹಾಗೆಯೇ ಅನಿಸುತ್ತಿರುತ್ತದೆ.

ಹೀಗೇಕಾಯಿತು? ಯಂತ್ರ ಬರೆದುಕೊಟ್ಟದ್ದರಲ್ಲಿ ನೂರಕ್ಕೆ ನಲವತ್ತನಾಲ್ಕಕ್ಕಿಂತ ಕಡಿಮೆಯನ್ನು ಮಾತ್ರ ಅವರು ಸ್ವೀಕರಿಸಿದರು. ಉಳಿದದ್ದನ್ನು ಓದಿ, ಪರೀಕ್ಷಿಸಿ, ಕಸಕ್ಕೆ ಹಾಕಿದರು. ಸ್ವೀಕರಿಸಿದ್ದನ್ನೂ ತಿದ್ದಬೇಕಾಯಿತು. ಯಂತ್ರಕ್ಕೆ ಹೇಳಿಕೊಡುವುದಕ್ಕೆ ಒಂದಷ್ಟು ಹೊತ್ತು, ಅದು ಬರೆಯುವ ತನಕ ಕಾಯುವುದಕ್ಕೆ ಒಂದಷ್ಟು ಹೊತ್ತು ಹೋಯಿತು. ನಾವು ಶಾಲೆಯಲ್ಲಿದ್ದಾಗ ಕಂಡ ಸಂಗತಿಯೊಂದು ಇಲ್ಲಿ ನೆನಪಾಗುತ್ತದೆ. ಒಂದು ಲೆಕ್ಕವನ್ನು ನಾವೇ ಮಾಡಲು ಎರಡು ನಿಮಿಷ ಸಾಕು. ಪೂರಾ ತಪ್ಪಾಗಿರುವ ಲೆಕ್ಕವನ್ನು ತಿದ್ದುವುದೂ ಸುಲಭ, ಕೆಂಪು ಗೆರೆ ಎಳೆದರಾಯಿತು. ಆದರೆ ಜಾಣ ಹುಡುಗನೊಬ್ಬ ಒಂದು ಪುಟದ ತುಂಬ ಅಂದವಾಗಿ ಬರೆದು, ನಡುವೆ ಎಲ್ಲಿಯೋ ಒಂದು ದಶಕ ತಪ್ಪಿಸಿ, ಕೊನೆಗೆ ಸರಿಯಾದಂತೆ ಕಾಣುವ ಉತ್ತರ ಬರೆದಿರುತ್ತಾನಲ್ಲ, ಆ ಲೆಕ್ಕ ತಿದ್ದುವಾಗ ಸೀಮೆಎಣ್ಣೆ ದೀಪ ಎರಡು ಸಲ ಎಣ್ಣೆ ಕೇಳುತ್ತಿತ್ತು ಎಂದು ನಮ್ಮ ಮೇಷ್ಟ್ರು ಹೇಳುತ್ತಿದ್ದರು. ವರ್ಷದ ಕೊನೆಗೆ ಖಾತೆ ಕಿರ್ದಿ ತಾಳೆಯಾಗದೆ, ಒಂಬತ್ತು ರೂಪಾಯಿಯ ತಪ್ಪಿಗೆ ಮೂರು ರಾತ್ರಿ ಕೂತ ವ್ಯಾಪಾರಿಗಳು ನಮ್ಮ ಓದುಗರಲ್ಲಿ ಇಲ್ಲವೆ?

ಇದು ನಮ್ಮ ಊಹೆಯಲ್ಲ. ಕೋಡ್ ಬರೆಯುವವರೇ ಸೇರುವ ಸ್ಟ್ಯಾಕ್ ಓವರ್‌ಫ್ಲೋ ಎಂಬ ಜಾಲತಾಣವು ೨೦೨೫ರಲ್ಲಿ ಹಲವು ದೇಶಗಳ ೪೯,೦೦೦ಕ್ಕೂ ಹೆಚ್ಚು ಮಂದಿಯನ್ನು ವಿಚಾರಿಸಿತು. ಶೇಕಡ ೮೪ ಮಂದಿ ಯಂತ್ರವನ್ನು ಬಳಸುತ್ತಿದ್ದೇವೆ ಅಥವಾ ಬಳಸಲಿದ್ದೇವೆ ಎಂದರು. ಆದರೆ ಅದು ಕೊಡುವ ಉತ್ತರದಲ್ಲಿ ನಂಬಿಕೆಯಿದೆ ಎಂದವರು ಶೇಕಡ ೩೩. ಇಲ್ಲವೆಂದವರು ಶೇಕಡ ೪೬. ನಿಮಗೆ ಬೇಸರ ತರುವುದು ಯಾವುದು ಎಂದು ಕೇಳಿದಾಗ ಮೂವರಲ್ಲಿ ಇಬ್ಬರು ಒಂದೇ ಮಾತು ಹೇಳಿದರು: ಉತ್ತರ ಇನ್ನೇನು ಸರಿಯೆನ್ನುವಂತೆ ಇರುತ್ತದೆ, ಆದರೆ ಪೂರ್ತಿ ಸರಿಯಿರುವುದಿಲ್ಲ. ಅಂದವಾಗಿ ಬರೆದ ಆ ತಪ್ಪು ಲೆಕ್ಕವೇ ಇದು.

ಮೀಟರ್ ಸಂಸ್ಥೆಯವರು ಒಂದು ಎಚ್ಚರಿಕೆಯನ್ನೂ ಕೊಟ್ಟಿದ್ದಾರೆ. ಅದನ್ನು ಮುಚ್ಚಿಟ್ಟರೆ ನಾವೂ ಕಂಪನಿಗಳ ಪ್ರಚಾರಕರ ಹಾಗೆಯೇ ಆಗುತ್ತೇವೆ. ಇದು ೨೦೨೫ರ ಮೊದಲರ್ಧದ ಉಪಕರಣಗಳ, ಹದಿನಾರೇ ಮಂದಿಯ, ಬಹಳ ಹಳೆಯ ಮತ್ತು ದೊಡ್ಡ ಕೋಡಿನ ಮೇಲಿನ ಪರೀಕ್ಷೆ; ಎಲ್ಲರಿಗೂ ಎಲ್ಲ ಕೆಲಸಕ್ಕೂ ಇದು ಹೀಗೆಯೇ ಎಂದು ಭಾವಿಸಬೇಡಿ ಎಂದಿದ್ದಾರೆ. ಯಂತ್ರಗಳು ಆಮೇಲೆ ಬಹಳ ಸುಧಾರಿಸಿವೆ. ಹಾಗಾದರೆ ಮೊದಲು ಹೇಳಿದ ಪರೀಕ್ಷೆಗಳಿಗೂ ಇದಕ್ಕೂ ತಾಳೆ ಹೇಗೆ? ನೂಲಿನ ಗಿರಣಿಯ ಹಿರಿಯರ ಮಗ ದಸರೆಗೆ ಊರಿಗೆ ಬಂದಿದ್ದಾಗ ನಾವು ಇದನ್ನೇ ಕೇಳಿದೆವು. ಹುಡುಗ ಚೆನ್ನಾಗಿ ತಿಳಿಸಿದ. ಹೊಸ ಸೈಟಿನಲ್ಲಿ ಹೊಸ ಕೋಣೆ ಕಟ್ಟಿ ಎಂದರೆ ಯಂತ್ರ ಸರಸರನೆ ಕಟ್ಟುತ್ತದೆ. ತನಗೆ ಗೊತ್ತಿಲ್ಲದ ಭಾಷೆಯಲ್ಲಿ ಬರೆಯಬೇಕಾದಾಗ, ಬೇಸರದ ಪರೀಕ್ಷಾಕೋಡು ಬರೆಯಬೇಕಾದಾಗ, ಅದು ತನ್ನ ಬಲಗೈ. ಆದರೆ ತನ್ನ ಕಂಪನಿಯ ನಿತ್ಯದ ಕೆಲಸ ಹೆಚ್ಚಾಗಿ ಇಪ್ಪತ್ತು ವರ್ಷ ಹಳೆಯ ಮನೆಯಲ್ಲಿ ಒಂದು ಗೋಡೆ ಒಡೆದು ಬಾಗಿಲಿಡುವಂಥದು. ಯಾವ ಗೋಡೆಯ ಮೇಲೆ ತೊಲೆ ಕೂತಿದೆ, ಯಾವ ಕಾಲದಲ್ಲಿ ಯಾರು ಏಕೆ ಹಾಗೆ ಕಟ್ಟಿದರು ಎಂಬುದು ಎಲ್ಲಿಯೂ ಬರೆದಿಲ್ಲ. ಅದು ಕೆಲಸ ಮಾಡಿದವರ ತಲೆಯಲ್ಲಿದೆ. ಯಂತ್ರ ಗೋಡೆಯನ್ನು ಬೇಗ ಒಡೆಯುತ್ತದೆ, ಅಷ್ಟೆ.

ಆ ತೊಲೆ ಬೀಳುವುದು ಮನೆಯವರ ಮೇಲೆ ತಾನೆ? ಗೂಗಲ್‌ಗೆ ಸೇರಿದ ಡೋರಾ ಎಂಬ ಅಧ್ಯಯನ ಮಂಡಲಿಯ ೨೦೨೪ರ ವರದಿಯಲ್ಲಿ, ಯಂತ್ರದ ಬಳಕೆ ಹೆಚ್ಚಿದ ಕಡೆ, ಕೋಡನ್ನು ಚಾಲನೆಗೆ ತಂದ ಮೇಲೆ ಕೆಟ್ಟು ಹಿಂದಕ್ಕೆ ತೆಗೆಯಬೇಕಾದ ಪ್ರಸಂಗಗಳೂ ಹೆಚ್ಚಿದ್ದು ಕಂಡಿತು. ೨೦೨೫ರ ವರದಿಯಲ್ಲಿ ಕೆಲಸದ ವೇಗ ಹೆಚ್ಚಿರುವುದು ಕಂಡರೂ ಈ ದೋಷ ಹೋಗಿರಲಿಲ್ಲ. ೨೦೨೫ರ ಜುಲೈನಲ್ಲಿ ಅಮೆರಿಕದ ಒಬ್ಬ ಉದ್ಯಮಿ ರೆಪ್ಲಿಟ್ ಎಂಬ ಕಂಪನಿಯ ಯಂತ್ರವನ್ನು ನೆಚ್ಚಿ ಕೆಲಸ ಮಾಡಿಸುತ್ತಿದ್ದಾಗ, ಏನನ್ನೂ ಬದಲಿಸಬೇಡವೆಂದು ಹೇಳಿದ್ದರೂ ಅದು ಚಾಲ್ತಿಯಲ್ಲಿದ್ದ ದಾಖಲೆಗಳನ್ನೇ ಅಳಿಸಿಹಾಕಿತು. ಕಂಪನಿಯ ಮುಖ್ಯಸ್ಥರು ಬಹಿರಂಗವಾಗಿ ಕ್ಷಮೆ ಕೇಳಬೇಕಾಯಿತು. ಯಂತ್ರ ತಪ್ಪು ಮಾಡಿದರೆ ಅದರ ಮೇಲೆ ಮೆಮೋ ಹೊರಡಿಸಲಾಗುವುದಿಲ್ಲ. ಮೆಮೋ ಬರುವುದು ಅದರ ಪಕ್ಕದಲ್ಲಿ ಕೂತ ಹುಡುಗನಿಗೆ.

ಇಲ್ಲಿಗೆ ನಮ್ಮ ಹಿರಿಯರ ಪ್ರಶ್ನೆಗೆ ಅರ್ಧ ಉತ್ತರ ಸಿಕ್ಕಿತು. ಯಂತ್ರ ಕೆಲವು ಕೆಲಸಕ್ಕೆ ನಿಜವಾಗಿ ನೆರವಾಗುತ್ತದೆ, ಕೆಲವಕ್ಕೆ ತಡೆಯಾಗುತ್ತದೆ. ಯಾವುದಕ್ಕೆ ಯಾವುದೆಂಬುದು ಮನಸ್ಸಿಗೆ ತೋರಿದಂತೆ ಇರುವುದಿಲ್ಲ, ಅಳೆದೇ ತಿಳಿಯಬೇಕು. ಉಳಿದರ್ಧ ನಮಗೆ ಹೆಚ್ಚು ಮುಖ್ಯವೆಂದು ಕಾಣುತ್ತದೆ. ಅಳೆಯದೆಯೇ ಐದು ಜನರ ಜಾಗಕ್ಕೆ ಮೂರು ಎಂಬ ಅಂಕಿ ಎಲ್ಲಿಂದ ಬಂತು?

ಗಿರಣಿಯವರಿಗೆ ಇದು ಹಳೆಯ ರಾಗ. ೧೯೩೧ರಲ್ಲಿ ಇಂಗ್ಲೆಂಡಿನ ಲ್ಯಾಂಕಾಷೈರ್ ಪ್ರಾಂತದ ಬರ್ನ್‌ಲಿ ಪಟ್ಟಣದಲ್ಲಿ, ಒಬ್ಬ ನೇಕಾರ ನಾಲ್ಕು ಮಗ್ಗದ ಬದಲು ಎಂಟು ಮಗ್ಗ ನೋಡಿಕೊಳ್ಳಬೇಕೆಂದು ಮಾಲೀಕರು ಹೊರಟಾಗ ದೊಡ್ಡ ಹೋರಾಟವೇ ನಡೆಯಿತು. ನಮ್ಮ ದೇಶದಲ್ಲಿ ೧೯೫೫ರಲ್ಲಿ ಕಾನ್ಪುರದ ಜವಳಿ ಕಾರ್ಮಿಕರು ರ‍್ಯಾಷನಲೈಸೇಷನ್ನಿನ ವಿರುದ್ಧ ೮೦ ದಿನ ಮುಷ್ಕರ ಹೂಡಿದರು. ಆ ಕಾರ್ಮಿಕರು ಒಳ್ಳೆಯ ಮಗ್ಗ ಬೇಡವೆಂದವರಲ್ಲ. ಒಬ್ಬನಿಗೆ ಎಷ್ಟು ಮಗ್ಗ, ಅದಕ್ಕೆ ಎಷ್ಟು ಕೂಲಿ, ಉಳಿದವನು ಎಲ್ಲಿಗೆ ಹೋಗಬೇಕು ಎಂಬುದನ್ನು ಮಾಲೀಕನೊಬ್ಬನೇ ಕೂತು ತೀರ್ಮಾನಿಸಕೂಡದು ಎಂಬುದು ಅವರ ವಾದ. ಎಳೆ ಎಷ್ಟು ಸಲ ಕಡಿಯುತ್ತದೆ, ಹತ್ತಿಯ ಗುಣ ಹೇಗಿದೆ, ಮಗ್ಗ ಎಷ್ಟು ಹಳೆಯದು ಎಂಬುದನ್ನು ನೋಡಿಯೇ ಕೆಲಸದ ಪ್ರಮಾಣ ಗೊತ್ತುಮಾಡಬೇಕೆಂದು ಹೇಳಲು ಜವಳಿ ಗಿರಣಿಗಳಲ್ಲಿ ಸಂಘಗಳಿದ್ದವು, ಒಪ್ಪಂದಗಳಿದ್ದವು, ತಕರಾರು ಬಂದರೆ ಹೋಗಲು ಕೈಗಾರಿಕಾ ನ್ಯಾಯಾಲಯವಿತ್ತು. ಸಾಫ್ಟ್‌ವೇರಿನಲ್ಲಿ ದುಡಿಯುವ ನಮ್ಮ ಮಕ್ಕಳಿಗೆ ಅವರ ಎಳೆ ಎಷ್ಟು ಸಲ ಕಡಿಯುತ್ತದೆ ಎಂದು ಕೇಳುವವರು ಯಾರು? ಕರ್ನಾಟಕದಲ್ಲಿ ಕಿಟು ಎಂಬ ಹೆಸರಿನ ಐಟಿ ನೌಕರರ ಸಂಘವೊಂದಿದೆ. ಆದರೆ ಆ ಕಸುಬಿನವರಲ್ಲಿ ಬಹುಪಾಲು ಮಂದಿ ಇನ್ನೂ ಸಂಘದ ಮೆಟ್ಟಿಲು ಹತ್ತಿಲ್ಲ. ತಾವು ಕಾರ್ಮಿಕರೆಂದು ಹೇಳಿಕೊಳ್ಳಲೇ ಅವರಿಗೆ ಒಂದು ಬಗೆಯ ಸಂಕೋಚ.

೨೦೨೫ರ ಜುಲೈನಲ್ಲಿ ಟಾಟಾ ಕನ್ಸಲ್ಟೆನ್ಸಿ ಸಂಸ್ಥೆ ತನ್ನ ನೌಕರರಲ್ಲಿ ಶೇಕಡ ಎರಡರಷ್ಟನ್ನು, ಅಂದರೆ ಸುಮಾರು ೧೨,೦೦೦ ಮಂದಿಯನ್ನು ಇಳಿಸುವುದಾಗಿ ಹೇಳಿತು. ಇದು ಯಂತ್ರದಿಂದಾದ ಉಳಿತಾಯದ ಫಲವಲ್ಲ, ಕೆಲಸಕ್ಕೂ ಕೌಶಲಕ್ಕೂ ಹೊಂದಿಕೆಯಿಲ್ಲದ್ದರಿಂದ ಎಂದು ಅದರ ಮುಖ್ಯಸ್ಥರೇ ಹೇಳಿದರು. ಆ ಮಾತನ್ನು ನಾವು ಹಾಗೆಯೇ ಒಪ್ಪಿಕೊಂಡರೂ ಊರಿನ ಮನೆಮನೆಯಲ್ಲಿ ಜನ ಮಾತಾಡಿಕೊಂಡದ್ದು ಯಂತ್ರದ ಹೆಸರನ್ನೇ. ಹೆದರಿಕೆ ಹುಟ್ಟಿದರೆ ಸಾಕು, ಸಂಬಳ ಹೆಚ್ಚಿಸೆಂದು ಕೇಳುವ ಬಾಯಿ ತಾನಾಗಿ ಮುಚ್ಚಿಕೊಳ್ಳುತ್ತದೆ. ಯಂತ್ರ ಕೆಲಸ ಮಾಡುವ ಮೊದಲೇ ಅದರ ಹೆಸರು ಕೆಲಸ ಮಾಡಿಬಿಡುತ್ತದೆ.

ಹೊಸಬರ ಪಾಡು ಇನ್ನೂ ಕಠಿಣ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದವರು ಸಂಬಳದ ಪಟ್ಟಿಗಳನ್ನು ಪರಿಶೀಲಿಸಿ ೨೦೨೫ರ ಆಗಸ್ಟಿನಲ್ಲಿ ಒಂದು ಪ್ರಬಂಧ ಪ್ರಕಟಿಸಿದರು. ೨೨ರಿಂದ ೨೫ ವಯಸ್ಸಿನ ಸಾಫ್ಟ್‌ವೇರ್ ನೌಕರರ ಸಂಖ್ಯೆ ಅಲ್ಲಿ ೨೦೨೨ರ ಕೊನೆಗಿದ್ದುದಕ್ಕಿಂತ ಶೇಕಡ ಇಪ್ಪತ್ತರ ಹತ್ತಿರ ಇಳಿದಿತ್ತು. ವಯಸ್ಸಾದ ಅನುಭವಿಗಳ ಸಂಖ್ಯೆ ಹಾಗೆ ಇಳಿದಿರಲಿಲ್ಲ. ಇದಕ್ಕೆಲ್ಲ ಯಂತ್ರವೊಂದೇ ಕಾರಣವೆಂದು ಎಲ್ಲ ಪಂಡಿತರೂ ಒಪ್ಪುವುದಿಲ್ಲ. ಬಡ್ಡಿಯ ದರ, ಕೋವಿಡ್ ಕಾಲದಲ್ಲಿ ಮಿತಿಮೀರಿ ಆಳು ತೆಗೆದುಕೊಂಡದ್ದು, ಇವೂ ಇವೆ. ಆದರೆ ಹೊಸಬನಿಗೆ ಕೊಡುತ್ತಿದ್ದ ಚಿಲ್ಲರೆ ಕೆಲಸವನ್ನೇ ಯಂತ್ರ ಮೊದಲು ಎತ್ತಿಕೊಳ್ಳುತ್ತದೆಂಬುದು ಸ್ಪಷ್ಟ. ಆ ಚಿಲ್ಲರೆ ಕೆಲಸ ಬರಿಯ ಚಿಲ್ಲರೆಯಲ್ಲ. ಬಾಬಿನ್ ಹೊತ್ತು, ಎಳೆ ಕಟ್ಟಿ, ಬದಲಿಯಾಗಿ ನಿಂತು ಬೈಸಿಕೊಂಡೇ ಅಲ್ಲವೆ ನಮ್ಮ ಗಿರಣಿಗಳ ಜಾಬರುಗಳು ಜಾಬರುಗಳಾದದ್ದು? ಯಂತ್ರದ ತಪ್ಪನ್ನು ಹಿಡಿಯಲು ಅನುಭವಿ ಬೇಕು ಎನ್ನುತ್ತಾರೆ. ಅನುಭವಿಯಾಗುವ ಏಣಿಯ ಕೆಳಗಿನ ಮೆಟ್ಟಿಲನ್ನೇ ಕಿತ್ತರೆ ಹತ್ತು ವರ್ಷದ ಮೇಲೆ ಅನುಭವಿ ಎಲ್ಲಿಂದ ಬರುತ್ತಾನೆ? ಯಂತ್ರದಿಂದ ಹೆಚ್ಚು ಅನುಕೂಲ ಹೊಸಬರಿಗೇ ಎಂದು ಕಂಪನಿಗಳೊಳಗಿನ ಪರೀಕ್ಷೆ ಹೇಳಿತ್ತಲ್ಲ. ಬಾಗಿಲೊಳಗೆ ಬಂದ ಹೊಸಬನಿಗೆ ಆ ಅನುಕೂಲ, ಬಾಗಿಲಲ್ಲಿ ನಿಂತವನಿಗೆ ಏನು?

ಇನ್ನೊಂದು ವಿಚಿತ್ರವನ್ನು ಓದುಗರು ಗಮನಿಸಬೇಕು. ದೇಶದ ಯುವಕರು ವಾರಕ್ಕೆ ೭೦ ಗಂಟೆ ದುಡಿಯಬೇಕೆಂದು ಇನ್ಫೋಸಿಸ್ ಸ್ಥಾಪಕರಲ್ಲೊಬ್ಬರಾದ ನಾರಾಯಣಮೂರ್ತಿಯವರು ಹೇಳಿದ್ದು ೨೦೨೩ರಲ್ಲಿ. ಬೆಂಗಳೂರಿನ ಐಟಿ ನೌಕರರ ದುಡಿಮೆಯನ್ನು ದಿನಕ್ಕೆ ೧೪ ಗಂಟೆಯ ತನಕ ಎಳೆಯಲು ಅವಕಾಶ ಕೊಡುವ ಪ್ರಸ್ತಾಪ ಕರ್ನಾಟಕದಲ್ಲಿ ಎದ್ದದ್ದು, ಕಿಟು ಸಂಘ ಅದನ್ನು ವಿರೋಧಿಸಿದ್ದು ೨೦೨೪ರ ಜುಲೈನಲ್ಲಿ. ಕೋಪೈಲಟ್ ಮಾರುಕಟ್ಟೆಗೆ ಬಂದು ಆಗಲೇ ಎರಡು ವರ್ಷ ತುಂಬಿತ್ತು! ಯಂತ್ರ ಅರ್ಧ ಸಮಯ ಉಳಿಸುತ್ತದೆ ಎಂಬ ಮಾತು, ಆಳು ಹದಿನಾಲ್ಕು ಗಂಟೆ ಕೂರಬೇಕು ಎಂಬ ಮಾತು, ಎರಡೂ ಒಂದೇ ಊರಿನಲ್ಲಿ ಒಂದೇ ಕಾಲಕ್ಕೆ ಕೇಳಿಬಂದವು. ಸಮಯ ಉಳಿದದ್ದೇ ನಿಜವಾದರೆ ಹುಡುಗ ಸಂಜೆ ಆರಕ್ಕೆ ಮನೆಗೆ ಹೋಗಬೇಕಾಗಿತ್ತು.

ಯಂತ್ರವನ್ನು ಒಡೆಯಿರಿ ಎಂದು ನಾವು ಹೇಳುವುದಿಲ್ಲ. ಬೇಸರದ ಕೆಲಸವನ್ನು ಅದು ಹೊರುವುದಾದರೆ ಹೊರಲಿ. ಅದರಿಂದ ಕಲಿಯುವ ಹುಡುಗನಿಗೆ ಒಳ್ಳೆಯ ಜೊತೆಗಾರ ಸಿಕ್ಕಿದಂತೆಯೇ. ಆದರೆ ಕೆಲಸದ ಪ್ರಮಾಣವನ್ನು ಯಂತ್ರ ಮಾರುವವನ ಜಾಹೀರಾತಿನಿಂದ ಗೊತ್ತುಮಾಡಕೂಡದು. ಜನರನ್ನು ಕಡಿಮೆ ಮಾಡುವ ಮೊದಲು ಅದೇ ವಿಭಾಗದಲ್ಲಿ, ಅದೇ ಹಳೆಯ ಕೋಡಿನ ಮೇಲೆ, ಯಂತ್ರವಿಟ್ಟು ಮತ್ತು ಇಡದೆ ಕೆಲವು ತಿಂಗಳು ಅಳೆಯಬೇಕು; ಅಳೆಯುವ ಕಡೆ ಕೆಲಸ ಮಾಡುವವರ ಪ್ರತಿನಿಧಿ ಕೂತಿರಬೇಕು; ತಿದ್ದುವ ಹೊತ್ತೂ ರಿಪೇರಿಯ ಹೊತ್ತೂ ಲೆಕ್ಕಕ್ಕೆ ಬರಬೇಕು. ನಿಜವಾಗಿ ಉಳಿದ ಸಮಯದಲ್ಲಿ ದುಡಿದವನಿಗೂ ಪಾಲು ಬೇಕು, ದುಡಿಮೆಯ ಗಂಟೆ ಇಳಿಸುವ ರೂಪದಲ್ಲಾಗಲಿ, ಹೊಸಬರನ್ನು ತೆಗೆದುಕೊಂಡು ಕಲಿಸುವ ರೂಪದಲ್ಲಾಗಲಿ. ಯಂತ್ರ ಬಳಸೆಂದು ಕಂಪನಿ ಕಡ್ಡಾಯ ಮಾಡಿದ ಮೇಲೆ ಯಂತ್ರದ ತಪ್ಪಿಗೆ ಕಂಪನಿಯೇ ಹೊಣೆ. ಇಷ್ಟು ಕೇಳಲು ಕಂಪ್ಯೂಟರ್ ವಿದ್ಯೆ ಬೇಕಾಗಿಲ್ಲ. ನಮ್ಮ ಗಿರಣಿಯ ಹಿರಿಯರು ಇದನ್ನು ಮಗ್ಗದ ಮುಂದೆ ನಿಂತು ಕೇಳಿದ್ದಾರೆ, ಕೆಲವು ಸಲ ಪಡೆದೂ ಇದ್ದಾರೆ.

ಆ ಹುಡುಗನಿಗೆ ನಾವು ಒಂದು ಚಿಕ್ಕ ಉಪಾಯ ಹೇಳಿದೆವು. ಒಂದು ನೋಟುಬುಕ್ಕು ತೆಗೆದುಕೋ, ಪ್ರತಿ ಕೆಲಸಕ್ಕೂ ಕೂತ ಗಂಟೆ, ಎದ್ದ ಗಂಟೆ ಬರೆ, ಯಂತ್ರ ಬಳಸಿದೆಯೋ ಇಲ್ಲವೋ ಎಂಬುದನ್ನೂ ಬರೆ ಎಂದು. ಮೊದಲು ನಕ್ಕ, ಆಮೇಲೆ ಬರೆಯತೊಡಗಿದ್ದಾನೆ. ಅವನ ಜೊತೆಯ ಇನ್ನೂ ಮೂವರು ಬರೆಯುತ್ತಿದ್ದಾರಂತೆ. ಕೆಲವು ಪುಟದಲ್ಲಿ ಯಂತ್ರ ಗೆದ್ದಿದೆ, ಕೆಲವು ಪುಟದಲ್ಲಿ ಸೋತಿದೆ. ಹಳೆಯ ಕೋಡಿನ ದಿನಗಳಲ್ಲಿ ಸೋತದ್ದೇ ಹೆಚ್ಚು. ಕಳೆದ ಸೋಮವಾರದ ಮೀಟಿಂಗಿನಲ್ಲಿ ಆ ನಾಲ್ವರೂ ಎದ್ದು ನಿಂತು, ಐದಕ್ಕೆ ಮೂರು ಎಂಬ ಲೆಕ್ಕವನ್ನು ಯಾವ ಗಡಿಯಾರ ನೋಡಿ ಮಾಡಿದಿರಿ ಸ್ವಾಮಿ ಎಂದು ಕೇಳಿದ್ದಾರೆ. ಮೇಲಿನವರನ್ನು ವಿಚಾರಿಸಿ ಹೇಳುತ್ತೇವೆ ಎಂದು ಮ್ಯಾನೇಜರು ಉತ್ತರಿಸಿದ್ದಾರೆ. ಮೇಲಿನವರ ಉತ್ತರ ಬಂದ ವಾರವೇ ಅದನ್ನು ಇದೇ ಪುಟದಲ್ಲಿ ಅಚ್ಚು ಹಾಕುತ್ತೇವೆ.